ಮುದ್ರೆಯ ಋಣ

ನಾಣ್ಯದ ಬೆಲೆ ಇರುವುದು ಅದರ ಲೋಹದಲ್ಲಿಯೋ, ಲೋಹದ ಮೇಲಣ ಮುದ್ರೆಯಲ್ಲಿಯೋ? ಅರ್ಥಶಾಸ್ತ್ರದ್ದೆಂದು ತೋರುವ ಈ ಪ್ರಶ್ನೆಯೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ. ಮೆಕ್ಸಿಕೋ ದೇಶದ ಸ್ವಾತಂತ್ರ್ಯ ಸಮರದ ನಾಣ್ಯಗಳು ಅದನ್ನು ನಮ್ಮ ಕಣ್ಣಮುಂದೆ ಇರಿಸುತ್ತವೆ.

1810ರಲ್ಲಿ ಪಾದ್ರಿ ಹಿಡಾಲ್ಗೊ ಸ್ಪೇನಿನ ಆಳ್ವಿಕೆಯ ವಿರುದ್ಧ ಬಂಡೆದ್ದನು. ದಾರಿಗಳು ಕಡಿದುಹೋಗಿ, ರಾಜಧಾನಿಯ ಟಂಕಸಾಲೆಯ ಹಣವು ದೂರದ ಪ್ರಾಂತಗಳಿಗೆ ಸರಿಯಾಗಿ ತಲುಪದಾಯಿತು. ಚಿವಾವಾದಲ್ಲಿ ಹಳೆಯ ನಾಣ್ಯದ ಅಚ್ಚಿನಲ್ಲಿ ಬೆಳ್ಳಿಯನ್ನು ಎರಕ ಹೊಯ್ದು, ಅದರ ಮೇಲೆ ಅಧಿಕಾರದ ಮರುಮುದ್ರೆಯನ್ನೊತ್ತಿದರು. ಅರಸನ ಪಕ್ಷದವರೂ ಬಂಡಾಯಗಾರರೂ ಕೈಗೆ ಬಂದ ಎಂಟು ರಿಯಾಲಿನ ನಾಣ್ಯಗಳಿಗೆ ತಮ್ಮ ತಮ್ಮ ಗುರುತನ್ನು ಹಾಕಿದರು. ಒಂದೇ ನಾಣ್ಯದ ಮೇಲೆ ಎರಡೂ ಪಕ್ಷಗಳ ಮುದ್ರೆಗಳಿರುವುದುಂಟು. ಆ ಮುದ್ರೆಗಳಿಂದ ಬೆಳ್ಳಿ ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ‘ನಮ್ಮ ಸೀಮೆಯಲ್ಲಿ ಇದು ಸಲ್ಲುತ್ತದೆ’ ಎಂಬ ಅಪ್ಪಣೆ ಮಾತ್ರ ಸೇರಿತು. ಯಾವ ಪಕ್ಷ ಸೋತರೂ ಬೆಳ್ಳಿಯ ತೂಕವು ಹಿಡಿದವನ ಕೈಯಲ್ಲಿಯೇ ಉಳಿಯುತ್ತಿತ್ತು.

ತಾಮ್ರದ ಸಂಗತಿ ಬೇರೆ. ಹಿಡಾಲ್ಗೊವಿನ ತರುವಾಯ ಹೋರಾಟವನ್ನು ನಡೆಸಿದ ಪಾದ್ರಿ ಮೊರೆಲೋಸನಿಗೆ ಬೆಳ್ಳಿ ಸಾಲಲಿಲ್ಲ. ಅವನು ಎಂಟು ರಿಯಾಲನ್ನು ತಾಮ್ರದಲ್ಲಿಯೇ ಹೊರಡಿಸಿದನು. ಅದರ ಮೇಲೆ ಬಿಲ್ಲುಬಾಣದ ಚಿತ್ರ, ದಕ್ಷಿಣವೆಂಬರ್ಥದ ‘ಸುದ್’ ಎಂಬ ಪದ. ವಿಜಯದ ಬಳಿಕ ಇದಕ್ಕೆ ಬದಲಾಗಿ ಬೆಳ್ಳಿ ಕೊಡುವೆವೆಂಬ ಮಾತೇ ಅದರ ಬೆಲೆ. 1815ರ ಡಿಸೆಂಬರಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ದೇಶವು ಸ್ವತಂತ್ರವಾದುದು 1821ರಲ್ಲಿ.

ತನ್ನ ಕೈಯಲ್ಲಿಲ್ಲದ ನಾಳೆಯನ್ನು ಒತ್ತೆಯಿಟ್ಟು ಬಡವನಿಂದ ಧಾನ್ಯವನ್ನು ಪಡೆಯುವುದು ನ್ಯಾಯವೇ? ಹಸಿದ ದಂಡು ಸುಲಿಯುವುದಕ್ಕಿಂತ ಇದು ಮೇಲೆನ್ನಬಹುದು. ಸುಲಿಗೆಯು ಸಾಲವನ್ನು ಒಪ್ಪುವುದಿಲ್ಲ, ಮುದ್ರೆಯು ಒಪ್ಪುತ್ತದೆ. ಮಾತು ಕೊಟ್ಟವನು ತನ್ನ ಪ್ರಾಣವನ್ನೇ ಪಣವಾಗಿ ಒಡ್ಡಿದ್ದನೆಂಬುದೂ ನಿಜ. ಆದರೆ ಪ್ರಾಣವನ್ನೊಡ್ಡಿದವನು ಅದನ್ನು ತಾನೇ ಆರಿಸಿಕೊಂಡನು. ಕತ್ತಿ ಹಿಡಿದವನ ಮುಂದೆ ‘ಒಲ್ಲೆ’ ಎನ್ನಲಾರದೆ ತಾಮ್ರವನ್ನು ತೆಗೆದುಕೊಂಡವನದು ನಂಬಿಕೆಯೆನಿಸದು, ಸಹನೆಯೆನಿಸೀತು.

ಆದುದರಿಂದ ಆ ಮಾತು ಕೊಟ್ಟುದೇ ಪಾಪವೆಂದು ನಾನೆನ್ನಲಾರೆ. ಕೊಟ್ಟವನೊಡನೆ ಮಾತೂ ಸತ್ತಿತೆಂದು ಬಗೆಯುವುದು ಪಾಪ. ಮೊರೆಲೋಸನು ಸಾಲ ಮಾಡಿದ್ದು ತನ್ನ ಹೊಟ್ಟೆಗಲ್ಲ. ಅದರ ಫಲವನ್ನುಂಡವರು ಮುಂದಿನ ಪೀಳಿಗೆಯವರು. ಫಲಕ್ಕೆ ಹಕ್ಕುದಾರರಾದವರು ಋಣಕ್ಕೂ ಹಕ್ಕುದಾರರು. ವೀರರ ಹೆಸರನ್ನು ಪಾಠದಲ್ಲಿ ಓದುವ ನಾವು, ಹೆಸರಿಲ್ಲದೆ ಒಂದು ಚೀಲ ಜೋಳವನ್ನು ಕೊಟ್ಟು ಬಿಲ್ಲೆಯನ್ನು ಪಡೆದವನನ್ನೂ ಎಣಿಕೆಗೆ ತರಬೇಕು.

ನಮ್ಮ ನುಡಿಯಲ್ಲಿ ಪ್ರಾಮಾಣಿಕನನ್ನು ‘ನಾಣ್ಯಸ್ಥ’ನೆನ್ನುತ್ತೇವೆ. ಹಣವುಳ್ಳವನಿಗೆ ಆ ಹೆಸರಿಲ್ಲ. ಆಡಿದ ಮಾತನ್ನು ಸಲ್ಲಿಸುವವನಿಗೆ ಮಾತ್ರ ಅದು ಸಲ್ಲುತ್ತದೆ.