ಸ್ವಲ್ಪದಾಗ ಉಳದೆ ನೋಡಪಾ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಕ್ಕೋಳದಿಂದ ನಿಪ್ಪಾಣಿ, ಚಿಕ್ಕೋಡಿ ಕಡೆ ರಾತ್ರಿ ಬೈಕ್ ಮೇಲೆ ಹೋದವರು ಮನೆ ಮುಟ್ಟುವ ತನಕ ಜೀವಕ್ಕೆ ಸಮಾಧಾನವಿಲ್ಲ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಮುಂದಿರುತ್ತದೆ. ಎಷ್ಟೋ ಸಲ ಹಿಂದಿನ ಟ್ರೇಲರಿಗೆ ದೀಪವೇ ಇರುವುದಿಲ್ಲ. ರೇಡಿಯಂ ಪಟ್ಟಿ ಇದ್ದರೂ ಅದರ ಮೇಲೆ ಕೆಸರು ಮೆತ್ತಿರುತ್ತದೆ, ಇಲ್ಲವೇ ಕಬ್ಬಿನ ರವದಿ ಜೋತುಬಿದ್ದಿರುತ್ತದೆ. ಎದುರಿನ ಗಾಡಿಯ ಬೆಳಕು ಕಣ್ಣು ಕುಕ್ಕಿದಾಗ ಗಕ್ಕನೆ ಬ್ರೇಕ್ ಹಾಕಿ, ಪಕ್ಕದ ಮಣ್ಣಿಗಿಳಿದು ಪಾರಾದವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮರುದಿನ ಚಹಾದಂಗಡಿಯಲ್ಲಿ “ಸ್ವಲ್ಪದಾಗ ಉಳದೆ ನೋಡಪಾ” ಅನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಮುಗಿಯಬಾರದು.

ಸರ್ಕಾರದ ಲೆಕ್ಕ ಶುರುವಾಗುವುದೇ ರಕ್ತ ಹರಿದ ಮೇಲೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಅಂತರದಲ್ಲಿ 3 ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಆಗ ಅದು ‘ಬ್ಲ್ಯಾಕ್ ಸ್ಪಾಟ್’. ಹೆದ್ದಾರಿಯ ತವಂದಿ ಘಾಟಿನಂಥ ಕಡೆ ಈ ಅಳತೆ ನಡೆದೀತು. ಹಳ್ಳಿ ಹಳ್ಳಿಯ ನಡುವಿನ ರಸ್ತೆಯಲ್ಲಿ ಅಷ್ಟು ಹೆಣ ಬೀಳಲೆಂದು ಕಾಯುವುದು ಅನ್ಯಾಯ.

ಕಾಯಬೇಕಾಗಿಯೂ ಇಲ್ಲ. 1960ರ ದಶಕದ ಕೊನೆಗೇ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಸಂಶೋಧಕರು ಕೂಡುರಸ್ತೆಗಳಲ್ಲಿ ನಿಂತು, ಚಾಲಕರು ಎಲ್ಲಿ ಹಠಾತ್ ಬ್ರೇಕ್ ಒತ್ತುತ್ತಾರೆ, ಎಲ್ಲಿ ಗಾಡಿ ಹೊರಳಿಸುತ್ತಾರೆ ಎಂದು ಎಣಿಸಿದ್ದರು. ಒಬ್ಬ ಹೆದರಿದರೆ ಅದು ಅವನ ಚಾಲನೆಯ ತಪ್ಪಿರಬಹುದು. ಪರಿಚಯವೇ ಇಲ್ಲದ ನಾಲ್ವರು ಒಂದೇ ತಿರುವಿನ ಹೆಸರು ಹೇಳಿದರೆ, ತಪ್ಪು ಹುಡುಕಬೇಕಾದ್ದು ರಸ್ತೆಯಲ್ಲಿ.

ನಮ್ಮ ಭಾಗದ ಅಪಾಯಕ್ಕೆ ಕಾಲವೂ ಉಂಟು. ಆಳೆತ್ತರ ಮೀರಿ ಬೆಳೆದ ಕಬ್ಬು ಹೊಲದ ದಾರಿ ಡಾಂಬರಿಗೆ ಕೂಡುವ ಜಾಗವನ್ನು ಮುಚ್ಚಿಬಿಡುತ್ತದೆ. ಟ್ರ್ಯಾಕ್ಟರಿನ ಮೂತಿ ರಸ್ತೆಗೆ ಬಂದ ಮೇಲೆಯೇ ಕಾಣುವುದು. ಕಟಾವಾದ ಮೇಲೆ ಅದೇ ತಿರುವು ಬಯಲು. ಬೇಸಿಗೆಯಲ್ಲಿ ಬಂದ ಎಂಜಿನಿಯರಿಗೆ ಅಲ್ಲಿ ಏನೂ ಕಾಣದು. ಹಾಗಾಗಿ ಜಾಗದ ಜೊತೆಗೆ ತಿಂಗಳು, ಹೊತ್ತು, ಯಾವ ಕಡೆಯಿಂದ ಬರುತ್ತಿದ್ದಿರಿ, ಏನು ಅಡ್ಡವಾಗಿತ್ತು ಎಂಬುದನ್ನೂ ಬರೆದಿಡಬೇಕು.

ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಪ್ರದೀಪನಕ್ಕೆ ಮೊದಲೇ ಗ್ರಾಮಸಭೆಯಲ್ಲಿ ಇಂಥ ಜಾಗಗಳ ಪಟ್ಟಿ ಮಾಡಲು ಅರ್ಧ ತಾಸು ಕೊಡಲಿ. ಹಾಲು ಹಾಕಲು ನಸುಕಿನಲ್ಲೇ ಹೊರಡುವವರನ್ನು, ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗಿಯರನ್ನು, ಟ್ರ್ಯಾಕ್ಟರ್ ಡ್ರೈವರುಗಳನ್ನು ಮೊದಲು ಕೇಳಲಿ. ಪಟ್ಟಿ ಲೋಕೋಪಯೋಗಿ ಇಲಾಖೆಗೂ ಪೊಲೀಸ್ ಠಾಣೆಗೂ ಹೋಗಲಿ. ತಿರುವಿನ ಎರಡು ಸಾಲು ಕಬ್ಬು ಮೊದಲೇ ಕಡಿಯಲು ಹೊಲದವರನ್ನು ಒಪ್ಪಿಸುವ ಕೆಲಸವನ್ನು ಪಂಚಾಯಿತಿ ಮರುದಿನವೇ ಹಿಡಿಯಬಹುದು.