ಕೂಲಿಯೋ, ಕರುಣೆಯೋ

ನನ್ನ ತಂಗಿಯ ಮಗ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ ಊದಿ, ಮತ್ತೆ ಕೂರಿಸುವುದನ್ನು ನೋಡಬೇಕು. ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಶೂ’ ಎಂದು ಬರೆಯಹೊರಟರೆ ಮಾತ್ರ ಅಕ್ಷರ ಹಿಂದುಮುಂದು. ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಲೆಕ್ಸಿಯಾ ಸರ್ಟಿಫಿಕೇಟ್ ನೋಡಿ ಹೆಚ್ಚುವರಿ ಸಮಯ ಕೊಟ್ಟರು. ಗ್ಯಾರೇಜಿನಲ್ಲಿ ಆ ಕಾಗದ ಯಾರಿಗೆ ಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಲಿಕಾ ನ್ಯೂನತೆಯನ್ನೂ ಪಟ್ಟಿಗೆ ಸೇರಿಸಿತು. ಸರ್ಕಾರಿ ಹುದ್ದೆಗಳಲ್ಲಿ ಆಟಿಸಂ ಮೊದಲಾದವುಗಳ ಜೊತೆ ಹಂಚಿಕೊಳ್ಳಲು ಶೇ. 1ರ ಮೀಸಲು, ಅದೂ ನ್ಯೂನತೆ ಶೇ. 40 ಮುಟ್ಟಿದರೆ.

ಮಾಲೀಕ ಕೆಟ್ಟವನಲ್ಲ. “ಪಾಪ ಅಂತ ಇಟ್ಕೊಂಡೀನಿ ಅಕ್ಕಾ” ಎನ್ನುತ್ತಾನೆ. ಉಳಿದ ಹುಡುಗರ ಅರ್ಧ ಸಂಬಳ ಕೊಡುತ್ತಾನೆ.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಸಮಕ್ಕೆ ತಂದರು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಕಳಿಸಿದ ಕಥೆ ನಮಗೆಲ್ಲ ಬಾಯಿಪಾಠ. ದುಡಿಯುವವನ ಆಸೆಗೆ ಕಡಿವಾಣವೆಂದೇ ಅದನ್ನು ಓದಿಕೊಂಡು ಬಂದೆವು. ದುಡಿಸಿಕೊಳ್ಳುವವನಿಗೆ ಯಾರೂ ಓದಿ ಹೇಳಲಿಲ್ಲ. ಕೆಲಸ ಪೂಜೆಯೇ ಆದರೆ, ಅರ್ಧ ಕೂಲಿ ಹಿಡಿದಿಟ್ಟುಕೊಂಡವನ ಮನೆಯಲ್ಲಿರುವುದೂ ಹೆಚ್ಚಿನ ಅಕ್ಕಿಯೇ ಅಲ್ಲವೇ? ಕನಿಕರ ತೋರಿಸಿದರೆ ಆ ಲೆಕ್ಕ ಚುಕ್ತಾ ಆಗುತ್ತದೆಯೇ?

ಈಗ ಗ್ಯಾರೇಜಿನ ಸ್ಪೇರ್ ಪಾರ್ಟ್ಸ್ ಡಬ್ಬಿಗಳಿಗೆ ಬಣ್ಣದ ಟೇಪ್ ಬಂದಿದೆ, ರಿಪೇರಿ ವಿವರ ವಾಟ್ಸಾಪ್ ವಾಯ್ಸ್‌ನಲ್ಲಿ. ಉಳಿದ ಹುಡುಗರೂ ಟೇಪ್ ನೋಡಿಯೇ ಹುಡುಕುತ್ತಾರೆ. ಸಂಬಳದ ಮಾತು ಒಂದನೇ ತಾರೀಖಿಗೆ ಎತ್ತುತ್ತೇನೆ.