ಬಾಡಿದ ಮುಖವೂ ದೇವರ ಪ್ರಶ್ನೆಯೂ

ಧ್ಯಾನಕ್ಕೆ: ಆದಿಕಾಂಡ ೪: ೩–೮

ತನ್ನ ಕಾಣಿಕೆಯು ಅಂಗೀಕಾರವಾಗದೆ ಹೋದದರಿಂದ ಕಾಯಿನನು ಸಿಟ್ಟಿನಿಂದ ಮುಖ ಬಾಡಿಸಿಕೊಂಡಿದ್ದಾಗ ದೇವರು ಮಾಡಿದ್ದೇನು? ಶಿಕ್ಷಿಸುವದಕ್ಕೆ ಆತುರಪಡಲಿಲ್ಲ. ಕೋಪದ ಕಾರಣವನ್ನು ಮೊದಲು ಕೇಳಿದನು. ಆಮೇಲೆ, ಬಾಗಲಲ್ಲಿ ಕಾದಿರುವ ಪಾಪವನ್ನು ಆಳಬೇಕೆಂದು ಎಚ್ಚರಿಸಿದನು. ಕೋಪ ಬಂದದ್ದಕ್ಕಾಗಿ ಅವನನ್ನು ತಳ್ಳಿಬಿಡಲಿಲ್ಲ. ಕೋಪದ ವಶಕ್ಕೆ ಬಿಟ್ಟುಬಿಡಲೂ ಇಲ್ಲ. ಕಾಯಿನನು ಆ ಪ್ರಶ್ನೆಗೆ ಉತ್ತರ ಕೊಟ್ಟನೆಂದು ಗ್ರಂಥದಲ್ಲಿ ಕಾಣುವದಿಲ್ಲ. ಬಾಯಿಂದ ಹೇಳದೆ ಇದ್ದದ್ದನ್ನು ಅವನು ಹೊಲದಲ್ಲಿ ಕೈಯಿಂದ ಮಾಡಿದನು.

ನಮ್ಮ ಚಿಕ್ಕ ಮಕ್ಕಳ ವಿಷಯವನ್ನು ಯೋಚಿಸಿರಿ. ಮೂರು ನಾಲ್ಕು ವರುಷದ ಕೂಸಿಗೆ ದುಃಖ, ಭಯ, ಹೊಟ್ಟೆಕಿಚ್ಚು ಇವೆಲ್ಲವೂ ಉಂಟು. ಅವುಗಳ ಹೆಸರು ಮಾತ್ರ ತಿಳಿಯದು. ಆದಕಾರಣ ಮಾತು ಸಿಕ್ಕದ ಭಾವವು ಕಚ್ಚುವ ಹಲ್ಲಾಗಿಯೂ ಹೊಡೆಯುವ ಕೈಯಾಗಿಯೂ ಹೊರಬೀಳುತ್ತದೆ.

೨೦೨೦ನೆಯ ಇಸವಿಯ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಮುಚ್ಚಲ್ಪಟ್ಟ ಅಂಗನವಾಡಿಗಳೂ ಶಿಶುತರಗತಿಗಳೂ ನಮ್ಮ ರಾಜ್ಯದಲ್ಲಿ ೨೦೨೧ನೆಯ ನವೆಂಬರ್ ೮ರಿಂದ ತಿರಿಗಿ ತೆರೆಯಲ್ಪಟ್ಟವು. ಯಲಹಂಕ, ಹೆಬ್ಬಾಳಗಳ ಸೀಮೆಯಲ್ಲಿಯೂ, ಸುಮಾರು ಇಪ್ಪತ್ತು ತಿಂಗಳು ಮನೆಯೊಳಗೇ ಬೆಳೆದ ಕೂಸುಗಳು ತಾಯಿಯ ಸೆರಗನ್ನು ಬಿಡದೆ ಅತ್ತರೆ ಆಶ್ಚರ್ಯವೇನು? ಅಂಥ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾದದ್ದು, ನಿನಗೆ ಹೆದರಿಕೆಯಾಗಿದೆ, ನಾನು ಇಲ್ಲಿಯೇ ಇದ್ದೇನೆ ಎಂಬ ಮಾತು.

ಶಾಲೆಯಲ್ಲಿ ಮಗುವಿನ ಶರೀರವನ್ನು ದಂಡಿಸುವದನ್ನೂ ಮನಸ್ಸನ್ನು ಪೀಡಿಸುವದನ್ನೂ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಆದರೆ ಬೆತ್ತವನ್ನು ಕೆಳಗಿಟ್ಟ ಮೇಲೆ ಮಾಡತಕ್ಕದ್ದೇನು? ಉಪಾಧ್ಯಾಯಿನಿಯು ಹಲಗೆಯ ಮೇಲೆ ನಗುವ, ಅಳುವ, ಹೆದರಿದ, ಸಿಟ್ಟಾದ ನಾಲ್ಕು ಮುಖಗಳನ್ನು ಬರೆಯಲಿ. ಪ್ರತಿದಿನ ಬೆಳಿಗ್ಗೆ ಒಂದೊಂದು ಮಗುವೂ ತನ್ನದನ್ನು ಮುಟ್ಟಿ ತೋರಿಸಲಿ. ಸಿಟ್ಟಿನ ಮುಖವನ್ನು ಮುಟ್ಟಿದವನಿಗೆ, ಸಿಟ್ಟು ಬರಬಹುದು, ಹೊಡೆಯಕೂಡದು ಎಂದು ಮೆಲ್ಲಗೆ ತಿಳಿಸಿ, ಹೂವನ್ನು ಮೂಸುವಂತೆ ಉಸಿರೆಳೆದು ದೀಪ ಆರಿಸುವಂತೆ ಬಿಡುವದನ್ನು ಕಲಿಸಲಿ. ಅಳುವ ಮಗುವು ಹಸಿದಿದೆಯೋ ಎಂದು ನೋಡಲಿ. ಸಾಯಬಯಸಿ ಮಲಗಿದ್ದ ಎಲೀಯನಿಗೆ ದೇವದೂತನು ಮೊದಲು ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಪ್ರಶ್ನೆಯು ಆಮೇಲೆ ಬಂದಿತು.

ತಂದೆತಾಯಿಗಳೇ, ಮನೆಯೂ ಒಂದು ತರಗತಿಯಲ್ಲವೇ? ಗುಮ್ಮ ಬಂತು ಎಂದು ಹೆದರಿಸುವದನ್ನೂ, ಗಂಡುಮಗ ಅಳಬಾರದು ಎಂದು ನಾಚಿಸುವದನ್ನೂ ನಾವು ಹಳ್ಳಿಹಳ್ಳಿಯಲ್ಲಿ ಕೇಳುತ್ತೇವೆ. ಇದರಿಂದ ಮಗುವು ಸುಮ್ಮನಾಗುವದು ನಿಜ. ದುಃಖವು ಒಳಗೆ ಉಳಿಯುವದೂ ನಿಜ. ಲಾಜರನಿಗಾಗಿ ಗೋಳಾಡುತ್ತಿದ್ದವರ ನಡುವೆ ನಮ್ಮ ಕರ್ತನು ಎಲ್ಲರ ಕಣ್ಣೆದುರಿನಲ್ಲಿ ಅತ್ತನಲ್ಲಾ! ಆತನು ನಾಚಿಕೆಪಡದೆ ಇದ್ದದ್ದಕ್ಕೆ ನಮ್ಮ ಮಕ್ಕಳು ನಾಚಿಕೆಪಡಬೇಕೋ?

ಹೀಗಿರಲಾಗಿ, ಇಂದು ಸಾಯಂಕಾಲ ನಿಮ್ಮ ಮಗುವು ಮುಖ ಬಾಡಿಸಿಕೊಂಡು ಬಂದರೆ, ಏನು ಮಾಡಿದೆ ಎಂದು ಗದರಿಸುವದಕ್ಕೆ ಮುಂಚೆ ಏನಾಯಿತು ಎಂದು ಕೇಳಿರಿ. ಉತ್ತರ ಬರುವ ತನಕ ಕಾದುಕೊಂಡಿರಿ. ಕಾಯಿನನನ್ನು ವಿಚಾರಿಸಿದ ದೇವರು ನಮಗೂ ಆ ತಾಳ್ಮೆಯನ್ನು ಅನುಗ್ರಹಿಸಲಿ. ಆಮೆನ್.